ನಮ್ಮೂರ ಹುಡುಗಿಗೆ ಕೌನ್ಸೆಲರ್ ಯಾರು?

ಪಿಯುಸಿ ಫಲಿತಾಂಶ ಬಂದ ದಿನ ನಮ್ಮ ಕಡೆ ಎರಡೇ ಪ್ರಶ್ನೆ. ಪರ್ಸೆಂಟೇಜ್ ಎಷ್ಟಾಯ್ತು? ಸಿಇಟಿ ರ‍್ಯಾಂಕ್ ಎಷ್ಟು? ಶಾಲೆಯವರು ಹುಡುಗನ ಬಗ್ಗೆ ಏನು ಬರೆದಿದ್ದಾರೆ ಅಂತ ಯಾರೂ ಕೇಳೋದಿಲ್ಲ. ಬರೆಯೋದೂ ಅಷ್ಟರಲ್ಲೇ ಇದೆ, ಟಿಸಿಯಲ್ಲಿ ‘ನಡತೆ: ಉತ್ತಮ’. ನನಗೂ ಅದನ್ನೇ ಬರೆದರು, ವರ್ಷಪೂರ್ತಿ ಜಗಳ ತೆಗೆದ ನನ್ನ ಬೆಂಚಿನ ಗೆಳೆಯನಿಗೂ ಅದನ್ನೇ ಬರೆದರು.

ಬೆಂಗಳೂರಿನ ಆಫೀಸಿನಲ್ಲಿ ಬೇರೆಯದೇ ಲೋಕ. ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ ಮಕ್ಕಳನ್ನು ಓದಿಸುವ ಸೀನಿಯರ್‌ಗಳು ಒಂಬತ್ತನೇ ತರಗತಿಯಿಂದಲೇ ‘ಸ್ಕೂಲ್ ಕೌನ್ಸೆಲರ್’ ಮಾತು ಶುರು ಮಾಡ್ತಾರೆ. ಕಾರಣ ಇದೆ. ಅಮೆರಿಕದ ಬೇಡಿಕೆಯ ಕಾಲೇಜುಗಳಲ್ಲಿ ಪದವಿಗೆ ಸೇರಬೇಕಾದರೆ ಅಂಕಪಟ್ಟಿ, ಪ್ರಬಂಧ ಕೊಟ್ಟರೆ ಸಾಲದು. ಶಾಲೆಯೂ ವಿದ್ಯಾರ್ಥಿಯ ಬಗ್ಗೆ ಮಾತಾಡಬೇಕು.

1975ರಲ್ಲಿ 15 ಕಾಲೇಜುಗಳು ಸೇರಿ ಶುರು ಮಾಡಿದ ‘ಕಾಮನ್ ಆ್ಯಪ್’ನಲ್ಲಿ ಇವತ್ತು ಸಾವಿರಕ್ಕೂ ಹೆಚ್ಚು ಕಾಲೇಜುಗಳಿವೆ. ಅದರಲ್ಲಿ ಕೌನ್ಸೆಲರ್ ತುಂಬುವ ‘ಸ್ಕೂಲ್ ರಿಪೋರ್ಟ್’ ಅಂತ ಒಂದು ಭಾಗ. ತರಗತಿಯಲ್ಲಿ ಎಷ್ಟು ಮಕ್ಕಳು, ಅಂಕ ಕೊಡುವ ಪದ್ಧತಿ ಹೇಗೆ, ಶಾಲೆಯಲ್ಲಿದ್ದ ವಿಷಯಗಳಲ್ಲಿ ಈ ಹುಡುಗಿ ಕಷ್ಟದ್ದನ್ನು ಆರಿಸಿಕೊಂಡಳಾ ಅನ್ನೋದನ್ನೆಲ್ಲ ಅಲ್ಲಿ ಹೇಳಬೇಕು. ಜೊತೆಗೆ ಒಂದು ಶಿಫಾರಸು ಪತ್ರ, ಮತ್ತೆ ಶಾಲೆಯ ಪರಿಚಯ ಪತ್ರ. ಓದುವವರಿಗೆ ಇದರಿಂದ ತಿಳಿಯೋದು ಮುಖ್ಯವಾಗಿ ಒಂದೇ: ಈ ಅಂಕ ಎಂಥ ಪರಿಸ್ಥಿತಿಯಲ್ಲಿ ಬಂತು? ಟ್ಯೂಷನ್ ಇದ್ದವರ 90 ಮತ್ತು ಹತ್ತಿ ಬಿಡಿಸಿ ಶಾಲೆಗೆ ಬಂದವರ 85, ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ ಅಂತ ಹೇಳೋಕೆ ಅಲ್ಲಿ ಒಂದು ಜಾಗ ಇದೆ.

ಆದರೆ ಇದೂ ಪೂರ್ತಿ ನ್ಯಾಯದ ವ್ಯವಸ್ಥೆ ಅಲ್ಲ. ಹಾರ್ವರ್ಡ್ ಮೇಲಿನ ಪ್ರವೇಶಾತಿ ಮೊಕದ್ದಮೆಯಲ್ಲಿ (ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2023ರಲ್ಲಿ) ಒಂದು ವಿಷಯ ಹೊರಬಂತು. ಅರ್ಜಿ ಓದುವವರು ಶಿಕ್ಷಕರ ಪತ್ರಕ್ಕೂ ಕೌನ್ಸೆಲರ್ ಪತ್ರಕ್ಕೂ ಬೇರೆ ಬೇರೆ ಅಂಕ ಕೊಡ್ತಿದ್ದರು. ಅಂದರೆ ಬರೆಯುವವರ ಕೈ ಚೆನ್ನಾಗಿದ್ದರೆ ಮಗುವಿಗೆ ಲಾಭ. ಒಬ್ಬ ಕೌನ್ಸೆಲರ್‌ಗೆ 250 ಮಕ್ಕಳಿಗಿಂತ ಹೆಚ್ಚು ಇರಬಾರದು ಅಂತ ಅಲ್ಲಿನ ಶಾಲಾ ಕೌನ್ಸೆಲರ್‌ಗಳ ಸಂಘವೇ ಹೇಳುತ್ತೆ. ಅದಕ್ಕಿಂತ ಹೆಚ್ಚು ಮಕ್ಕಳಿರುವ ಸರ್ಕಾರಿ ಶಾಲೆಯ ಕೌನ್ಸೆಲರ್ ಪ್ರತಿಯೊಬ್ಬರ ಬಗ್ಗೆ ಎರಡು ಪುಟ ಬರೆಯೋದು ಹೇಗೆ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಂತೂ ಸಾಮಾನ್ಯವಾಗಿ ಶಿಫಾರಸು ಪತ್ರವನ್ನೇ ಕೇಳೋದಿಲ್ಲ.

ಈ ಸಲ ಊರಿಗೆ, ಕಲ್ಲೂರಿಗೆ ಹೋದಾಗ ಅಕ್ಕನ ಮಗಳು ಯೂಟ್ಯೂಬ್ ನೋಡಿ ಕೇಳಿದಳು, “ಮಾಮಾ, ನಮ್ಮ ಸಾಲ್ಯಾಗ ಕೌನ್ಸೆಲರೇ ಇಲ್ಲಲ್ಲ, ನಮ್ಮಂಥವ್ರು ಅರ್ಜಿನೇ ಹಾಕಂಗಿಲ್ಲೇನು?”

ಹಾಕಬಹುದು. ಕೌನ್ಸೆಲರ್ ಇಲ್ಲದ ಕಡೆ ಮುಖ್ಯೋಪಾಧ್ಯಾಯರು ಅಥವಾ ಪ್ರಿನ್ಸಿಪಾಲರೇ ಆ ಭಾಗ ತುಂಬಬಹುದು. ಕನ್ನಡದಲ್ಲಿ ಬರೆದರೆ ಇಂಗ್ಲಿಷ್ ಅನುವಾದ ಜೊತೆಗಿಡಬೇಕು. ದುಡ್ಡಿನ ಪ್ರಶ್ನೆ ಬೇರೆ. ಎಂಐಟಿ, ಹಾರ್ವರ್ಡ್‌ನಂಥ ಕೆಲವೇ ಕಾಲೇಜುಗಳು ವಿದೇಶಿ ವಿದ್ಯಾರ್ಥಿಯ ಹಣಕಾಸು ನೋಡದೆ ಆಯ್ಕೆ ಮಾಡಿ, ಬೇಕಾದಷ್ಟು ನೆರವು ಕೊಡುತ್ತವೆ.

ಅಷ್ಟರಲ್ಲಿ ಅಕ್ಕ ಒಳಗಿಂದ ಬಂದು, “ಅಮೆರಿಕಾ ಇರ್ಲಿ ತಮ್ಮಾ, ಇಕಿನ್ನ ಒಂಬತ್ತನೇದಕ್ಕ ರಾಯಚೂರಾಗ ಹಾಕ್ಬೇಕಂತ ಮಾಡೀನಿ, ಏನಂತಿ?” ಅಂದಳು. ನಿಜವಾದ ಪ್ರಶ್ನೆ ಇದು ಅನ್ನಿಸ್ತು.

ಯಾಕಂದರೆ ನಮ್ಮಲ್ಲೂ ಶಾಲೆ ವಿದ್ಯಾರ್ಥಿಯ ಪರಿಸ್ಥಿತಿ ಹೇಳುತ್ತೆ. ಪತ್ರದ ಬದಲು ಸರ್ಟಿಫಿಕೇಟ್ ಮೂಲಕ ಹೇಳುತ್ತೆ. ಎಂಜಿನಿಯರಿಂಗ್‌ಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ರ‍್ಯಾಂಕ್ ಬರುತ್ತೆ. ಆಮೇಲೆ ಆ ರ‍್ಯಾಂಕಿಗೆ ಯಾವ ಸೀಟು ಅಂತ ತೀರ್ಮಾನ ಆಗುವಾಗ ಮೂರು ಕಾಗದ ಮಾತಾಡುತ್ತವೆ.

ಒಂದು, ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ. ಶೇ. 15 ಮೀಸಲು. 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು.

ಎರಡು, ಕನ್ನಡ ಮಾಧ್ಯಮ ಪ್ರಮಾಣಪತ್ರ. ಶೇ. 5. ಇದಕ್ಕೂ ಅದೇ ಹತ್ತು ವರ್ಷದ ಲೆಕ್ಕ.

ಮೂರು, 371(ಜೆ) ಅರ್ಹತಾ ಪ್ರಮಾಣಪತ್ರ. ಕಲ್ಯಾಣ ಕರ್ನಾಟಕದವರಿಗೆ ಈ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8. ಇದನ್ನು ಕೊಡುವವರು ಶಾಲೆಯವರಲ್ಲ, ಉಪವಿಭಾಗದ ಸಹಾಯಕ ಆಯುಕ್ತರು.

ಮೊದಲ ಎರಡಕ್ಕೆ ಹೆಡ್ ಮಾಸ್ತರ ಸಹಿ, ಬಿಇಒ ಮೇಲುಸಹಿ ಅನ್ನೋದು ನಮ್ಮ ಕಾಲದಿಂದ ಬಂದ ಪದ್ಧತಿ. ಈಗ ಶಾಲೆಯ ಎಸ್‌ಎಟಿಎಸ್ ದಾಖಲೆಯಿಂದಲೂ ತಾಳೆ ನೋಡ್ತಾರೆ. ನನ್ನ ದೃಷ್ಟಿಯಲ್ಲಿ ನಮ್ಮ ಮಕ್ಕಳ ‘ಕೌನ್ಸೆಲರ್ ರಿಪೋರ್ಟ್’ ಇದೇ. ವ್ಯತ್ಯಾಸ ಏನಂದ್ರೆ, ಇದರಲ್ಲಿ ಬರೆಯುವವರ ಭಾಷೆಯ ಸೊಗಸಿಗೆ ಅಂಕ ಇಲ್ಲ. ಅದು ಒಳ್ಳೆಯದೇ. ಆದರೆ ಹತ್ತು ವರ್ಷದಲ್ಲಿ ಒಂದು ವರ್ಷ ತಪ್ಪಿದರೂ ಉಳಿದ ಒಂಬತ್ತನ್ನು ಅದು ನೋಡೋದಿಲ್ಲ. ಹುಡುಗಿ ಹೊಲದ ಕೆಲಸದ ನಡುವೆ ಓದಿದಳಾ, ತಮ್ಮನಿಗೆ ಗಣಿತ ಹೇಳಿಕೊಟ್ಟಳಾ, ಅದಕ್ಕೂ ಅಲ್ಲಿ ಕಾಲಂ ಇಲ್ಲ. ಸ್ವಲ್ಪ ಬೇರೆ ಅನ್ನಿಸೋದು ಬಿಎಸ್ಸಿ ಕೃಷಿ. ಕೃಷಿಕರ ಕೋಟಾದಲ್ಲಿ ಪ್ರಾಯೋಗಿಕ ಪರೀಕ್ಷೆ ಇದೆ, ಹೊಲ ಗೊತ್ತಿರುವ ಮಗುವಿನ ಅನುಭವಕ್ಕೂ ಅಲ್ಲಿ ಅಂಕ ಸಿಗುತ್ತೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಸೀಟಿನ ಆಸೆ ಇರುವ ಮನೆಗಳು ಇದನ್ನು ತಿಳಿದಿರಬೇಕು.

ಅಕ್ಕನಿಗೆ ನಾನು ಹೇಳಿದ್ದು ಇಷ್ಟೇ: ರಾಯಚೂರಲ್ಲಿ ಪಾಠ ಚೆನ್ನಾಗಿರಬಹುದು, ಆದರೆ ಒಂಬತ್ತಕ್ಕೆ ಸಿಟಿ ಶಾಲೆ ಅಂದರೆ ಎಂಟು ವರ್ಷದ ಗ್ರಾಮೀಣ ಲೆಕ್ಕ ಅಲ್ಲಿಗೇ ಮುಗೀತು. ಇಂಗ್ಲಿಷ್ ಮಾಧ್ಯಮ ಆದರೆ ಕನ್ನಡ ಮಾಧ್ಯಮದ್ದೂ ಹೋಗುತ್ತೆ. ಗಣಿತಕ್ಕೆ, ವಿಜ್ಞಾನಕ್ಕೆ ಬೇಕಾದರೆ ರಜೆಯಲ್ಲಿ ಕೋಚಿಂಗ್ ಕಳಿಸು, ಪಿಯುಸಿಗೆ ಸಿಟಿಗೆ ಹೋಗಲಿ. ತೀರ್ಮಾನ ಅಕ್ಕ-ಭಾವನದು. ಲೆಕ್ಕ ಗೊತ್ತಿದ್ದು ಮಾಡಲಿ ಅನ್ನೋದಷ್ಟೇ ನನ್ನ ಆಸೆ.

ಊರು ಬಿಟ್ಟು ಬಂದು ಕೆಲಸದಲ್ಲಿರುವ ನಮ್ಮಂಥವರೇ ಎಷ್ಟೋ ಮನೆಗಳಿಗೆ ಕೌನ್ಸೆಲರ್. ನಿಮ್ಮ ಮನೆಯಲ್ಲೂ ಎಂಟು-ಒಂಬತ್ತನೇ ತರಗತಿಯ ಮಗು ಇದ್ದರೆ ಈ ವಾರ ಒಂದು ಫೋನ್ ಮಾಡಿ. ಆಧಾರ್, ಎಸ್‌ಎಟಿಎಸ್, ಜಾತಿ-ಆದಾಯ ಪತ್ರಗಳಲ್ಲಿ ಹೆಸರಿನ ಕಾಗುಣಿತ ಒಂದೇ ಇದೆಯಾ ನೋಡಿಸಿ. ಮಧ್ಯೆ ಶಾಲೆ ಬದಲಾಗಿದ್ದರೆ ಹಳೆಯ ಶಾಲೆಯ ವ್ಯಾಸಂಗ ಪತ್ರ ಈಗಲೇ ತೆಗೆಸಿ. 371(ಜೆ) ಪತ್ರಕ್ಕೆ ಸಿಇಟಿ ಗದ್ದಲದ ಮುಂಚೆಯೇ ಅರ್ಜಿ ಕೊಡಿಸಿ. ಜೊತೆಗೆ ಮಗುವನ್ನು ಚೆನ್ನಾಗಿ ಬಲ್ಲ ಒಬ್ಬ ಮೇಷ್ಟ್ರ ಹತ್ತಿರ ಒಂದು ಪುಟ ಬರೆಸಿಡಿ. ಸ್ಕಾಲರ್‌ಶಿಪ್ಪೋ, ಖಾಸಗಿ ವಿಶ್ವವಿದ್ಯಾಲಯವೋ, ಮುಂದೆ ವಿದೇಶವೋ, ಒಂದಲ್ಲ ಒಂದು ಕಡೆ ಅದನ್ನು ಕೇಳಬಹುದು. ‘ನಡತೆ: ಉತ್ತಮ’ ಅನ್ನೋದಕ್ಕಿಂತ ನಾಲ್ಕು ಸಾಲು ಹೆಚ್ಚು ಬರೆಯೋಕೆ ಆ ಮೇಷ್ಟ್ರಿಗೂ ಇಷ್ಟ ಇರುತ್ತೆ, ಕೇಳುವವರು ಬೇಕು ಅಷ್ಟೆ.