ಮನೆಯ ಕೊಟ್ಟಿಗೆಯಲ್ಲಿ ಮೇಜು ಗರಗಸ: ಹತ್ತು ಬೆರಳುಗಳನ್ನು ಉಳಿಸಿಕೊಳ್ಳುವ ಬಗೆ

ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಹಿರಿಯರು ಹೇಳಿದ್ದುಂಟು. ಕೈಯೊಂದು ಇದ್ದೇ ಇರುತ್ತದೆಂಬ ಧೈರ್ಯದಿಂದ ಅವರು ಆ ಮಾತನ್ನು ಹೇಳಿದರು. ಅಡಿಕೆ ಸುಲಿಯುವುದಿರಲಿ, ಹಾಲು ಕರೆಯುವುದಿರಲಿ, ಕರಿಮೆಣಸಿನ ಬಳ್ಳಿ ಕಟ್ಟುವುದಿರಲಿ, ಕೃಷಿಕನ ಕೆಲಸವೆಲ್ಲ ಹತ್ತು ಬೆರಳುಗಳ ಮೇಲೆ ನಿಂತಿದೆ. ಆ ಹತ್ತರಲ್ಲಿ ಒಂದೆರಡು ಕಡಿಮೆಯಾದವರನ್ನು ಈಚೆಗೆ ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿಯೂ ನಾವು ಕಂಡಿದ್ದೇವೆ. ಅವರು ಕಾರ್ಖಾನೆಯ ಕೆಲಸದವರಲ್ಲ. ತಮ್ಮದೇ ಮನೆಯ ಕೊಟ್ಟಿಗೆಯಲ್ಲಿ ತಮ್ಮದೇ ಮರವನ್ನು ಸೀಳುತ್ತಿದ್ದವರು.

ತೋಟದಲ್ಲಿ ಬಿದ್ದ ಹಲಸಿನ ಮರ, ಗಾಳಿಗೆ ಉರುಳಿದ ತೇಗ, ಹಳೆಯ ಮನೆ ಕೆಡವಿದಾಗ ಉಳಿದ ಪಕ್ಕಾಸು ರೀಪುಗಳು ನಮ್ಮಲ್ಲಿ ಯಾವಾಗಲೂ ಇರುತ್ತವೆ. ಜೇನುಪೆಟ್ಟಿಗೆಗೆ, ಹಟ್ಟಿಯ ಬಾಗಿಲಿಗೆ, ಕೋಳಿಗೂಡಿಗೆ ಆಚಾರಿಗಳನ್ನು ಕಾಯುತ್ತ ಕುಳಿತರೆ ತಿಂಗಳು ಕಳೆಯುತ್ತದೆ. ಆದುದರಿಂದ ಮೇಜು ಗರಗಸವನ್ನು ಮನೆಗೇ ತಂದುಕೊಳ್ಳುವವರು ಹೆಚ್ಚುತ್ತಿದ್ದಾರೆ. ಇದು ಒಳ್ಳೆಯದೇ. ಆದರೆ ಯಂತ್ರದೊಡನೆ ಬರುವ ಪುಸ್ತಿಕೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ನಮ್ಮಲ್ಲಿ ಬಹುಮಂದಿ ಅದನ್ನು ತೆರೆಯದೆಯೇ ಅಟ್ಟಕ್ಕೆ ಹಾಕುತ್ತಾರೆ. ಅದರಲ್ಲಿರುವ ಮುಖ್ಯ ವಿಷಯವನ್ನೂ ನಾವು ಅನುಭವದಿಂದ ಕಲಿತದ್ದನ್ನೂ ಇಲ್ಲಿ ಕನ್ನಡದಲ್ಲಿ ಹೇಳಬಯಸುತ್ತೇವೆ.

ಯಂತ್ರ ಕೆಲಸ ಮಾಡುವ ರೀತಿ

ಮೇಜಿನ ನಡುವಿನ ಸೀಳಿನಿಂದ ಚಕ್ರದಂತಹ ಬ್ಲೇಡು ಮೇಲಕ್ಕೆ ಇಣುಕುತ್ತಿರುತ್ತದೆ. ಕೆಳಗಿನ ಮೋಟಾರು ಅದನ್ನು ತಿರುಗಿಸುತ್ತದೆ. ಕೈಗರಗಸದಲ್ಲಿ ಮರ ಸ್ಥಿರ, ಗರಗಸ ಚಲಿಸುತ್ತದೆ. ಇಲ್ಲಿ ಬ್ಲೇಡು ನಿಂತಲ್ಲೇ ತಿರುಗುತ್ತದೆ, ಮರವನ್ನು ನಾವು ತಳ್ಳಬೇಕು. ಅಂದರೆ ನಮ್ಮ ಕೈ ಹಲ್ಲುಗಳ ಕಡೆಗೇ ಹೋಗುತ್ತಿರುತ್ತದೆ. ಅಪಾಯದ ಮೂಲ ಇದೇ.

ವೇಗವನ್ನೂ ತಿಳಿದಿರಬೇಕು. 10 ಅಂಗುಲದ ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಅದರ ಅಂಚಿನ ಹಲ್ಲು ಸೆಕೆಂಡಿಗೆ 53 ಮೀಟರು, ಎಂದರೆ ಗಂಟೆಗೆ ಸುಮಾರು 190 ಕಿಲೋಮೀಟರು ಓಡುತ್ತದೆ. ಬೆರಳು ತಾಗಿತೆಂದು ತಿಳಿಯುವ ಮೊದಲೇ ಕೆಲಸ ಮುಗಿದಿರುತ್ತದೆ. ತಾಗಿದ ಮೇಲೆ ಕೈ ಹಿಂತೆಗೆಯುತ್ತೇನೆಂಬುದು ಬರಿಯ ಭ್ರಮೆ.

ಮರ ಹಿಂದಕ್ಕೆ ಸಿಡಿಯುವುದೇಕೆ?

ಹೊಸಬರು ಬ್ಲೇಡಿಗೆ ಮಾತ್ರ ಹೆದರುತ್ತಾರೆ. ಅನುಭವಿಗಳು ಮರ ಸಿಡಿಯುವುದಕ್ಕೂ ಅಷ್ಟೇ ಹೆದರುತ್ತಾರೆ. ಬ್ಲೇಡಿನ ಮುಂಭಾಗದ ಹಲ್ಲುಗಳು ಕೆಳಕ್ಕೆ ಇಳಿಯುತ್ತ ಮರವನ್ನು ಮೇಜಿಗೆ ಒತ್ತುತ್ತವೆ, ಅದರಿಂದ ತೊಂದರೆಯಿಲ್ಲ. ಹಿಂಭಾಗದ ಹಲ್ಲುಗಳಾದರೋ ಮೇಲಕ್ಕೆದ್ದು ನಮ್ಮ ಕಡೆಗೇ ಬರುತ್ತವೆ. ಮರವು ಓರೆಯಾಗಿ ಆ ಹಲ್ಲುಗಳಿಗೆ ಸಿಕ್ಕಿದರೆ, ಅಥವಾ ಸೀಳಿದ ಎರಡು ಭಾಗಗಳು ಹಿಂದೆ ಕೂಡಿಕೊಂಡು ಬ್ಲೇಡನ್ನು ಅದುಮಿದರೆ, ಬ್ಲೇಡು ಮರವನ್ನೆತ್ತಿ ನಮ್ಮ ಮೇಲೆಯೇ ಎಸೆಯುತ್ತದೆ. ಮರ ಹಾರಿದೊಡನೆ ಅದನ್ನು ತಳ್ಳುತ್ತಿದ್ದ ಕೈ ಆಧಾರ ತಪ್ಪಿ ಬ್ಲೇಡಿನ ಮೇಲೆ ಬೀಳುವುದೂ ಉಂಟು. ಎಷ್ಟೋ ಬೆರಳುಗಳು ಹೋದದ್ದು ಹೀಗೆ.

ಇದು ನಮಗೂ ಆಯಿತು. ಜೇನುಪೆಟ್ಟಿಗೆಯ ಚೌಕಟ್ಟಿಗೆಂದು ಅಂಗೈಯುದ್ದದ ಹಲಸಿನ ತುಂಡೊಂದನ್ನು ಸೀಳುತ್ತಿದ್ದೆವು. ಮರ ಪೂರ್ತಿ ಒಣಗಿರಲಿಲ್ಲ. ಟಪ್ಪೆಂದು ಸದ್ದಾದದ್ದಷ್ಟೇ ಗೊತ್ತು. ತುಂಡು ನಮ್ಮ ಪಕ್ಕೆಯ ಬಳಿಯಿಂದ ಹಾರಿ ಹಿಂದಿನ ಕೆಂಪುಕಲ್ಲಿನ ಗೋಡೆಗೆ ಬಡಿಯಿತು. ಗೋಡೆಯ ಗಾರೆ ಎದ್ದುಹೋಗಿತ್ತು. ಒಂದು ಗೇಣು ಎಡಕ್ಕೆ ನಿಂತಿದ್ದುದರಿಂದ ಹೊಟ್ಟೆ ಉಳಿಯಿತು. ಆ ಹೊತ್ತಿಗೆ ಅಂಗಳದಲ್ಲಿದ್ದ ಹಿರಿಯ ಆಚಾರಿಯವರು ಬಂದು ನೋಡಿ, "ಮೆಶೀನಿಗೆ ಹೆದರಬೇಕೆಂದಿಲ್ಲ ಅಣ್ಣಾ, ಅದು ಓಡುವಾಗ ಅದನ್ನು ಮರೆಯಬಾರದು ಅಷ್ಟೆ" ಎಂದರು. ಬಳಿಕ ಅವರು ತೋರಿಸಿಕೊಟ್ಟ ಕ್ರಮವನ್ನೇ ನಾವು ಇಂದಿಗೂ ಪಾಲಿಸುತ್ತಿದ್ದೇವೆ.

ಯಂತ್ರದಲ್ಲಿ ಇರಲೇಬೇಕಾದ ಅಂಗಗಳು

ಮೊದಲನೆಯದು ಬ್ಲೇಡಿನ ಬೆನ್ನಿಗೆ ಅಂಟಿದಂತೆ ನಿಲ್ಲುವ ಉಕ್ಕಿನ ಅಲಗು. ಇದನ್ನು ರೈವಿಂಗ್ ನೈಫ್ ಎನ್ನುತ್ತಾರೆ. ಸೀಳಿದ ಮರ ಮತ್ತೆ ಕೂಡಿಕೊಳ್ಳದಂತೆ ಇದು ತಡೆಯುತ್ತದೆ. ಮರವು ಹಿಂಭಾಗದ ಹಲ್ಲಿಗೆ ಸಿಗದಂತೆಯೂ ಕಾಯುತ್ತದೆ. ಅಡ್ಡಿಯಾಗುತ್ತದೆಂದು ಇದನ್ನು ಕಳಚಿಡುವವರಿದ್ದಾರೆ. ಹಾಗೆ ಮಾಡಲೇಕೂಡದು.

ಎರಡನೆಯದು ಬ್ಲೇಡಿನ ಮೇಲಿನ ಮುಚ್ಚಳ. ಮೂರನೆಯದು ಫೆನ್ಸು, ಎಂದರೆ ಮರವನ್ನು ಆನಿಸಿ ತಳ್ಳುವ ಉದ್ದದ ಪಟ್ಟಿ. ಇದು ಬ್ಲೇಡಿಗೆ ಸಮಾನಾಂತರವಾಗಿರಬೇಕು. ಹಿಂದಿನ ತುದಿ ಬ್ಲೇಡಿನ ಕಡೆಗೆ ಕೂದಲೆಳೆಯಷ್ಟು ವಾಲಿದರೂ ಮರ ಅಲ್ಲಿ ಸಿಕ್ಕಿಕೊಂಡು ಸಿಡಿಯುತ್ತದೆ. ಆದುದರಿಂದ ಬ್ಲೇಡಿನ ಮುಂದೆಯೂ ಹಿಂದೆಯೂ ಅಳತೆ ಹಿಡಿದು ನೋಡಿಯೇ ಕೆಲಸ ಆರಂಭಿಸತಕ್ಕದ್ದು.

ನಾಲ್ಕನೆಯದು ಸ್ವಿಚ್ಚು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗುವುದು ಬರುವುದು ನಿತ್ಯದ ಮಾತು. ಕರೆಂಟು ಹೋದಾಗ ಬ್ಲೇಡು ನಿಲ್ಲುತ್ತದೆ. ಸ್ವಿಚ್ಚು ಹಾಕಿದಂತೆಯೇ ಇರುತ್ತದೆ. ಸಿಕ್ಕಿಕೊಂಡ ಚೂರನ್ನು ತೆಗೆಯಲು ಕೈಹಾಕಿದ ಗಳಿಗೆಯಲ್ಲೇ ಕರೆಂಟು ಬಂದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ತೋಟದ ಪಂಪಿನ ಸ್ಟಾರ್ಟರನ್ನು ನೆನೆಸಿಕೊಳ್ಳಿ. ಕರೆಂಟು ಹೋದೊಡನೆ ಅದು ತಾನಾಗಿ ಬಿಟ್ಟುಕೊಳ್ಳುತ್ತದೆ. ಮತ್ತೆ ಹಸಿರು ಗುಂಡಿ ಒತ್ತಿದರೆ ಮಾತ್ರ ಪಂಪು ಓಡುತ್ತದೆ. ಗರಗಸಕ್ಕೂ ಅಂತಹುದೇ ಸ್ವಿಚ್ಚು ಬೇಕು. ಆದರೆ ಕರೆಂಟು ಬಂದಾಗ ತಾನೇ ಪಂಪು ಓಡಿಸುವ ಆಟೋ ಸ್ಟಾರ್ಟರನ್ನು ಗರಗಸಕ್ಕೆ ಎಂದಿಗೂ ಜೋಡಿಸಬಾರದು. ನಿಲ್ಲಿಸುವ ಗುಂಡಿ ತಡಕಾಡದೆ ಸಿಗುವಂತೆ, ಮೊಣಕಾಲಿಗೂ ಎಟಕುವಂತೆ ಇದ್ದರೆ ಉತ್ತಮ.

ಅರ್ತಿಂಗ್ ಸರಿಯಿರಬೇಕು. 30 ಮಿಲಿಆಂಪಿಯರಿನ ಇ.ಎಲ್.ಸಿ.ಬಿ. ಹಾಕಿಸಿಕೊಂಡರೆ ಶಾಕಿನ ಭಯ ಬಹಳಷ್ಟು ತಪ್ಪುತ್ತದೆ. ಬಲ್ಬಿಗೆ ಎಳೆಯುವಂತಹ ತೆಳು ವಯರಿನಿಂದ ಯಂತ್ರ ಓಡಿಸಿದರೆ ವಯರು ಬಿಸಿಯಾಗುತ್ತದೆ, ಮೋಟಾರಿನ ಶಕ್ತಿ ಕುಂದಿ ಬ್ಲೇಡು ಮರದೊಳಗೆ ತಡೆಯುತ್ತದೆ.

ಮನೆಯಲ್ಲೇ ಕಟ್ಟಿದ ಮೇಜುಗಳು

ಕೈಯಲ್ಲಿ ಹಿಡಿಯುವ ಚಕ್ರ ಗರಗಸವನ್ನು ಹಲಗೆಯ ಅಡಿಗೆ ತಲೆಕೆಳಗಾಗಿ ಬಿಗಿದು, ಅದರ ಗುಂಡಿಯನ್ನು ಟೇಪಿನಿಂದ ಸುತ್ತಿ ಮೇಜು ಗರಗಸವೆಂದು ಕರೆಯುವವರಿದ್ದಾರೆ. ಖರ್ಚು ಕಡಿಮೆಯೆಂಬುದು ನಿಜ. ಆದರೆ ಅದರಲ್ಲಿ ಹಿಂಬದಿಯ ಅಲಗಿಲ್ಲ, ಮುಚ್ಚಳವಿಲ್ಲ, ನಿಲ್ಲಿಸಲು ಗೋಡೆಯ ಪ್ಲಗ್ಗಿನವರೆಗೆ ಓಡಬೇಕು. ಇದಕ್ಕಿಂತಲೂ ಕೆಟ್ಟದ್ದು ಆಂಗಲ್ ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡು ಹಾಕುವುದು. 4 ಅಂಗುಲದ ಗ್ರೈಂಡರು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಬ್ಲೇಡಿನ ಮೇಲೆ ಅದು ತಾಳುವ ಸುತ್ತುಗಳ ಮಿತಿಯನ್ನು ಅಚ್ಚು ಹಾಕಿರುತ್ತಾರೆ. ಯಂತ್ರದ ವೇಗ ಆ ಮಿತಿಯನ್ನು ಮೀರಿದರೆ ಆ ಬ್ಲೇಡು ಆ ಯಂತ್ರಕ್ಕೆ ಸಲ್ಲದು. ಗ್ರೈಂಡರು ಕಬ್ಬಿಣ ತಿಕ್ಕಲು ಇರುವಂಥದು. ಮರದ ಕೆಲಸಕ್ಕೆ ಅದನ್ನು ಬಳಸದಿರುವುದೇ ಲೇಸು.

ಸೀಳುವ ಮುನ್ನ

ಹಳೆಯ ಪಕ್ಕಾಸುಗಳಲ್ಲಿ ಮೊಳೆಯ ಮುರುಕುಗಳು ಅಡಗಿರುತ್ತವೆ. ಅಯಸ್ಕಾಂತದ ತುಂಡೊಂದನ್ನು ಮೇಲೆಲ್ಲ ಆಡಿಸಿ ನೋಡಿ ಕೀಳಬೇಕು. ಮೊಳೆಗೆ ಬಡಿದ ಬ್ಲೇಡಿನ ಹಲ್ಲು ಮುರಿದು ಕಣ್ಣಿಗೆ ಹಾರಬಹುದು.

ಮರದ ಒಂದು ಮುಖ ಚಪ್ಪಟೆಯಾಗಿರಬೇಕು, ಒಂದು ಅಂಚು ನೇರವಾಗಿರಬೇಕು. ತೊಗಟೆಯ ಡೊಂಕು ಅಂಚನ್ನು ಫೆನ್ಸಿಗೆ ಆನಿಸಬೇಡಿ; ಮೊದಲು ಕೀಸುಳಿ ಹಾಕಿ ನೇರ ಮಾಡಿಕೊಳ್ಳಿ. ಹಸಿ ಮರವು ಸೀಳುತ್ತಿದ್ದಂತೆಯೇ ಬಿಗಿದುಕೊಳ್ಳುವುದರಿಂದ ಒಣಗಿಸಿಯೇ ಕೊಯ್ಯಿರಿ. ತೆಂಗಿನ ಮರದ ಹೊರಭಾಗ ಬಹಳ ಗಟ್ಟಿ. ಅದು ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ. ಮೊಂಡು ಬ್ಲೇಡಿಗೆ ಹೆಚ್ಚು ಬಲ ಹಾಕಿ ತಳ್ಳಬೇಕಾಗುತ್ತದೆ. ಬಲ ಹಾಕಿದಲ್ಲಿ ಕೈ ಜಾರುತ್ತದೆ. ನೂಲಿನುದ್ದಕ್ಕೆ ಸೀಳಲು 10 ಅಂಗುಲದ ಬ್ಲೇಡಿಗೆ 24 ಹಲ್ಲು ಸಾಕು. ಅಡ್ಡ ಕೊಯ್ಯಲು 60 ಹಲ್ಲಿನದು ಒಳ್ಳೆಯದು. ಬ್ಲೇಡು ಬದಲಿಸುವಾಗ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಬ್ಲೇಡಿನ ಎತ್ತರವು ಮರಕ್ಕಿಂತ ಒಂದು ಹಲ್ಲಿನಷ್ಟು ಮೇಲಿದ್ದರೆ ಸಾಕು.

ಇನ್ನು ಉಡುಪಿನ ಮಾತು. ಬೈರಾಸು ಹೆಗಲಲ್ಲಿರಕೂಡದು. ಜೋತಾಡುವ ಲುಂಗಿ, ಉದ್ದ ತೋಳು, ಕೈಬಳೆ, ಉಂಗುರ, ದಾರ ಯಾವುದೂ ಬೇಡ. ಕೈಗವಸು ಹಾಕಿದರೆ ಕ್ಷೇಮವೆಂದು ಹಲವರು ತಿಳಿದಿದ್ದಾರೆ, ಇದು ತಪ್ಪು. ಹಲ್ಲಿಗೆ ಸಿಕ್ಕಿದ ಗವಸು ಕೈಯನ್ನೇ ಒಳಗೆಳೆಯುತ್ತದೆ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಮೂಗಿಗೆ ಮಾಸ್ಕು ಹಾಕಿಕೊಳ್ಳಿ. ಮರದ ಹುಡಿಯು ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 1995ರಲ್ಲಿಯೇ ಪ್ರಕಟಿಸಿದೆ.

ಸೀಳುವ ಕ್ರಮ

ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಬ್ಲೇಡು ಪೂರ್ಣ ವೇಗಕ್ಕೆ ಬಂದ ಮೇಲೆ ಮರವನ್ನು ಮುಟ್ಟಿಸಿ. ಮರವು ಕೆಳಗೆ ಮೇಜಿಗೂ ಪಕ್ಕದಲ್ಲಿ ಫೆನ್ಸಿಗೂ ಸದಾ ಆನಿರಲಿ. ಫೆನ್ಸಿಗಾಗಲಿ ಅಡ್ಡ ಕೊಯ್ಯುವ ಜಾರುಹಿಡಿಗಾಗಲಿ ಆನಿಸದೆ ಬರಿಗೈಯಲ್ಲಿ ಎಂದೂ ಕೊಯ್ಯಬೇಡಿ. ಅವೆರಡನ್ನೂ ಒಟ್ಟಿಗೆ ಬಳಸಿ ತುಂಡು ಮಾಡುವುದೂ ಕೂಡದು. ಕೊಯ್ದ ತುಂಡು ನಡುವೆ ಸಿಕ್ಕಿ ಸಿಡಿಯುತ್ತದೆ.

ಕೈ ಬ್ಲೇಡಿನಿಂದ ಅರ್ಧ ಅಡಿ ದೂರದಲ್ಲಿರಬೇಕು. ಅದಕ್ಕಿಂತ ಹತ್ತಿರ ಹೋಗಬೇಕಾದಲ್ಲಿ ತಳ್ಳುಕೋಲು ಹಿಡಿಯಿರಿ. ಒಂದು ಹಲಗೆಯ ತುಂಡಿನ ತುದಿಯಲ್ಲಿ ಕಚ್ಚು ತೆಗೆದರೆ ತಳ್ಳುಕೋಲು ಸಿದ್ಧ; ಐದು ನಿಮಿಷದ ಕೆಲಸ. ಕೋಲು ತುಂಡಾದರೆ ಇನ್ನೊಂದು ಮಾಡಬಹುದು.

ಜೇನುಪೆಟ್ಟಿಗೆ ಮಾಡುವವರಿಗೆ ವಿಶೇಷವಾಗಿ ಹೇಳುತ್ತೇವೆ. ಚೌಕಟ್ಟಿನ ಪಟ್ಟಿಗಳು ಸಣ್ಣವು. ಸಣ್ಣ ತುಂಡುಗಳೇ ಹೆಚ್ಚು ಅಪಾಯದವು. ಒಂದು ಅಡಿಗಿಂತ ಗಿಡ್ಡ ತುಂಡನ್ನು ಸೀಳಬೇಡಿ. ಮೊದಲು ಉದ್ದ ಹಲಗೆಯಿಂದ ಉದ್ದ ಪಟ್ಟಿ ಸೀಳಿಕೊಂಡು, ಆಮೇಲೆ ಕೈಗರಗಸದಿಂದ ಬೇಕಾದ ಅಳತೆಗೆ ತುಂಡು ಮಾಡಿರಿ. ನಾವು ಅಂದು ಇದರ ವಿರುದ್ಧ ಮಾಡಿದ್ದೆವು.

ಉದ್ದ ಹಲಗೆಗೆ ಹಿಂದೆ ಇನ್ನೊಂದು ಮೇಜಿನ ಆಧಾರವಿರಲಿ. ಹಿಂದೆ ನಿಂತ ಸಹಾಯಕನು ಹಲಗೆಯನ್ನು ಹೊರಬೇಕೇ ಹೊರತು ಎಳೆಯಬಾರದು. ಬ್ಲೇಡಿನ ಬಳಿ ಬಿದ್ದ ಚೂರನ್ನು ಅದು ಪೂರ್ತಿ ನಿಂತ ಮೇಲೆ ಕೋಲಿನಿಂದ ಸರಿಸಿರಿ. ದಣಿದಾಗ, ಕತ್ತಲಾದ ಮೇಲೆ, ಮದ್ಯ ಸೇವಿಸಿದಾಗ ಯಂತ್ರದ ಹತ್ತಿರ ಸುಳಿಯಬೇಡಿ. ಕೆಲಸ ಮುಗಿದೊಡನೆ ಪ್ಲಗ್ಗು ಕಿತ್ತು ಮಕ್ಕಳ ಕೈಗೆ ಸಿಗದಂತೆ ಮಾಡಿರಿ.

ಬೆರಳು ತಾಗಿದೊಡನೆ ನಿಲ್ಲುವ ಗರಗಸವನ್ನು ಅಮೇರಿಕದ ಸ್ಟೀಫನ್ ಗ್ಯಾಸ್ ಎಂಬವರು 1999ರಲ್ಲಿ ರೂಪಿಸಿದರು. ಸೆಕೆಂಡಿನ ಇನ್ನೂರನೆಯ ಒಂದು ಭಾಗದೊಳಗೆ ಬ್ಲೇಡು ನಿಲ್ಲುತ್ತದೆ. ಆದರೆ ಬೆಲೆ ಬಹಳ. ನಮ್ಮ ಕೊಟ್ಟಿಗೆಗಳಲ್ಲಿರುವ ಯಂತ್ರಗಳಿಗೆ ಆ ಬುದ್ಧಿಯಿಲ್ಲ. ಬುದ್ಧಿ ನಮಗೇ ಇರಬೇಕು.

ಆಗಬಾರದ್ದು ಆದರೆ

ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲೆತ್ತಿರಿ. ಅರಸಿನ, ಕಾಫಿಹುಡಿ, ಸೊಪ್ಪಿನ ರಸ ಮೆತ್ತಬೇಡಿ. ತುಂಡಾದ ಬೆರಳನ್ನು ಹುಡುಕಿ, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಡಿ. ಬೆರಳು ನೇರವಾಗಿ ಮಂಜುಗಡ್ಡೆಗೆ ತಾಗಿದರೆ ಕೆಟ್ಟುಹೋಗುತ್ತದೆ. 108ಕ್ಕೆ ಫೋನು ಮಾಡಿ. ಬೇಗ ತಲಪಿದರೆ ಕೆಲವೊಮ್ಮೆ ಬೆರಳನ್ನು ಮತ್ತೆ ಜೋಡಿಸಲು ಸಾಧ್ಯ.

ಅಂತಹ ಚಿಕಿತ್ಸೆಗೆ ನಾವು ಬಹುಮಟ್ಟಿಗೆ ಮಂಗಳೂರನ್ನೇ ನಂಬಿದವರು. 2020ರ ಮಾರ್ಚಿಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ನಮ್ಮ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಗಡಿ ತೆರೆದಿರುವ ದಿನಗಳಲ್ಲಿಯೂ ಪೆರ್ಲದಿಂದಾಗಲಿ ಮುಳ್ಳೇರಿಯದಿಂದಾಗಲಿ ಆಸ್ಪತ್ರೆ ಹತ್ತಿರವಲ್ಲ. ದೂರದ ಆಸ್ಪತ್ರೆಯನ್ನು ನಂಬಿ ಹತ್ತಿರದ ಎಚ್ಚರವನ್ನು ಬಿಡುವುದು ಜಾಣತನವಲ್ಲ.

ಈ ವಾರ ನಿಮ್ಮ ಕೊಟ್ಟಿಗೆಗೆ ಹೋಗಿ ಮೂರು ಸಂಗತಿ ನೋಡಿರಿ: ಬ್ಲೇಡಿನ ಹಿಂದೆ ಅಲಗು ಇದೆಯೇ, ಕರೆಂಟು ಹೋದಾಗ ಸ್ವಿಚ್ಚು ತಾನೇ ಬಿಡುತ್ತದೆಯೇ, ಗೋಡೆಯಲ್ಲಿ ತಳ್ಳುಕೋಲು ತೂಗುತ್ತಿದೆಯೇ. ಮೂರೂ ಇದ್ದರೆ ಮರ ಸೀಳಿರಿ. ಇಲ್ಲವಾದರೆ ಅವನ್ನು ಮೊದಲು ಒದಗಿಸಿಕೊಳ್ಳಿ. ಜೇನುಪೆಟ್ಟಿಗೆ ಒಂದು ವಾರ ತಡವಾದರೆ ಜೇನು ಮುನಿಯುವುದಿಲ್ಲ.