ವಿಮಾನದ ವೇಳೆಯೂ ಪ್ರಯಾಣದ ವೇಳೆಯೂ

ಲಂಡನ್ನಿಗೂ ಪ್ಯಾರಿಸಿಗೂ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು ಎಂದು ಕೇಳಿದರೆ ಉತ್ತರವು ಸುಲಭವಾಗಿಯೇ ದೊರೆಯುವುದು. ನೇರ ದೂರವು ಸುಮಾರು 340 ಕಿಲೋಮೀಟರು. ವೇಳಾಪಟ್ಟಿಯ ಕಾಲವು ಒಂದು ಗಂಟೆಗೆ ತುಸು ಹೆಚ್ಚು. 1919ನೆಯ ಇಸವಿಯ ಆಗಸ್ಟ್ 25ರಂದು ಈ ಎರಡು ನಗರಗಳ ನಡುವೆ ದಿನಂಪ್ರತಿಯ ವಿಮಾನಸಂಚಾರವು ಆರಂಭವಾದಾಗ ಎರಡೂವರೆ ಗಂಟೆ ಹಿಡಿದಿತ್ತು. ಆದರೆ 1994ರಲ್ಲಿ ಕಡಲಿನ ಕೆಳಗಣ ಸುರಂಗದಲ್ಲಿ ರೈಲು ಓಡತೊಡಗಿದ ಮೇಲೆ, ಅದಕ್ಕೆ ಈಗ ಸುಮಾರು ಎರಡೂಕಾಲು ಗಂಟೆ ಹಿಡಿಯುವುದಾದರೂ, ಬಹುಮಂದಿ ಪ್ರಯಾಣಿಕರು ಅದನ್ನೇ ಮೆಚ್ಚಿಕೊಂಡರು. ರೈಲು ಊರ ನಡುವಿನಿಂದ ಊರ ನಡುವಿಗೆ ಒಯ್ಯುವುದೇ ಇದಕ್ಕೆ ಕಾರಣ.

ಇದೇ ಲೆಕ್ಕವನ್ನು ನಮ್ಮ ಸೀಮೆಗೆ ಹಚ್ಚಿ ನೋಡೋಣ. ಗಂಗಾವತಿಯ ಸಮೀಪದ ಹೇಮಗುಡ್ಡವು ಕೋಟೆಗೂ ದುರ್ಗಾಪರಮೇಶ್ವರಿಯ ಗುಡಿಗೂ ಹೆಸರಾದ ಗ್ರಾಮ; ಕುಮಾರರಾಮನ ಕುಮ್ಮಟದುರ್ಗವು ಇದಕ್ಕೆ ದೂರವಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು ನವರಾತ್ರಿಗೆ ಇಲ್ಲಿಗೆ ಬರಬೇಕಾಗಿದೆಯೆಂದು ಭಾವಿಸೋಣ. ತೋರಣಗಲ್ಲಿನ ವಿದ್ಯಾನಗರ ವಿಮಾನನಿಲ್ದಾಣವು ಗಂಗಾವತಿಯಿಂದ ನೇರ ಗೆರೆಯಲ್ಲಿ ಸುಮಾರು 30 ಕಿಲೋಮೀಟರು. ಉಡಾನ್ ಯೋಜನೆಯಂತೆ ಅಲ್ಲಿ 2017ರ ಸೆಪ್ಟೆಂಬರಿನಲ್ಲಿ ಸಾರ್ವಜನಿಕರಿಗೆ ವಿಮಾನಸಂಚಾರವು ತೊಡಗಿತು. ಅಂದಿನಿಂದ ಕಂಪನಿಗಳೂ ವೇಳೆಗಳೂ ಬದಲಾಗಿರುವುದರಿಂದ ಹೊರಡುವ ಮೊದಲು ವಿಚಾರಿಸಿಕೊಳ್ಳುವುದು ಲೇಸು.

ಬೆಂಗಳೂರಿನ ನಿಲ್ದಾಣದಿಂದ ವಿದ್ಯಾನಗರಕ್ಕೆ ನೇರವಾಗಿ ಸುಮಾರು 250 ಕಿಲೋಮೀಟರು. ಗಂಟೆಗೆ 500 ಕಿಲೋಮೀಟರು ಹಾರುವ ಸಣ್ಣ ವಿಮಾನಕ್ಕೆ ಗಣಿತದಂತೆ ಅರ್ಧ ಗಂಟೆ ಸಾಕು. ಆದರೆ ನೆಲದ ಮೇಲಿನ ಓಟ, ಮೇಲೇರುವಿಕೆ, ತಿರುವು, ಇಳಿಯುವಿಕೆ ಇವೆಲ್ಲ ಸೇರಿ ಒಂದು ಗಂಟೆಯಷ್ಟಾಗುವುದು. ದಾರಿ ಕಿರಿದಾದಷ್ಟೂ ಈ ಹೆಚ್ಚುವರಿಯ ಭಾಗವು ಹಿರಿದಾಗುವುದೆಂಬುದನ್ನು ಗಮನಿಸಬೇಕು.

ಇನ್ನು ಉಳಿದ ಲೆಕ್ಕ. ಮನೆಯಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಒಂದೂವರೆ ಗಂಟೆ. ಅಲ್ಲಿ ತಪಾಸಣೆಗೂ ಕಾಯುವುದಕ್ಕೂ ಒಂದೂವರೆ ಗಂಟೆ. ಹಾರಾಟ ಒಂದು ಗಂಟೆ. ಇಳಿದು ಗಂಟು ಪಡೆದು ಹೊರಬರಲು ಅರ್ಧ ಗಂಟೆ. ಕಂಪ್ಲಿಯ ಮೇಲೆ ಹೇಮಗುಡ್ಡಕ್ಕೆ ಮೋಟಾರಿನಲ್ಲಿ ಒಂದೂವರೆ ಗಂಟೆ. ಒಟ್ಟು ಆರು ಗಂಟೆ! ಬೆಂಗಳೂರಿನಿಂದ ನೆಟ್ಟಗೆ ಮೋಟಾರಿನಲ್ಲಿಯೇ ಹೊರಟವನು ಏಳೆಂಟು ಗಂಟೆಗಳಲ್ಲಿ ಮನೆಯ ಬಾಗಿಲಿಗೆ ಬಂದಿರುವನು.

ಮಳೆಗಾಲದಲ್ಲಿ ತುಂಗಭದ್ರೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆಯು ಮುಳುಗಿ ಸಂಚಾರವು ನಿಂತುದುಂಟು. 2019ರಲ್ಲಿಯೂ 2022ರಲ್ಲಿಯೂ ಹೀಗಾಯಿತು. ಆಗ ಹೊಸಪೇಟೆಯ ಕಡೆಯಿಂದ ಸುತ್ತಿ ಬರಬೇಕು. ಆಕಾಶದಲ್ಲಿ ಉಳಿದ ಕಾಲವು ಹೊಳೆಯ ದಂಡೆಯಲ್ಲಿ ಕಳೆದುಹೋಗುವುದು.

ಹಬ್ಬಕ್ಕೆ ಒಂದು ಗಂಟೆ ತಡವಾದರೆ ಹೋಳಿಗೆ ಆರೀತು, ಅಷ್ಟೇ. ಆದರೆ ಮನೆಯಲ್ಲಿ ಹಿರಿಯರಿಗೆ ಕಾಯಿಲೆಯೆಂದು ಸಂಜೆ ಸುದ್ದಿ ಬಂದಾಗ ಈ ಲೆಕ್ಕವು ತಪ್ಪಬಾರದು. ನಾಳಿನ ವಿಮಾನವನ್ನು ಕಾಯುವವನಿಗಿಂತ, ಅಂದೇ ರಾತ್ರಿ ರೈಲನ್ನೋ ಬಸ್ಸನ್ನೋ ಹತ್ತಿದವನು ಬೆಳಗಾಗುವಾಗ ಊರ ಹತ್ತಿರವಿರುವನು. ಗಂಗಾವತಿಗೆ 2019ರಲ್ಲಿ ರೈಲು ಬಂದುದು ಈ ದೃಷ್ಟಿಯಿಂದ ಸಣ್ಣ ಉಪಕಾರವಲ್ಲ.

ಆದುದರಿಂದ ಗೃಹಸ್ಥರು ಒಂದು ಹಾಳೆಯಲ್ಲಿ ಮನೆಯ ಹೊಸ್ತಿಲಿನಿಂದ ಹೊಸ್ತಿಲಿನವರೆಗಿನ ವೇಳೆಯನ್ನು, ವಿಮಾನಕ್ಕೊಂದು, ರೈಲಿಗೊಂದು, ರಸ್ತೆಗೊಂದು ಸಾಲಿನಂತೆ ಬರೆದಿಟ್ಟುಕೊಳ್ಳುವುದು ಉತ್ತಮ. ಕೊನೆಯ ವಾಹನ ಎಷ್ಟು ಹೊತ್ತಿಗೆ ಹೊರಡುವುದೆಂಬುದನ್ನೂ ಅದರ ಪಕ್ಕದಲ್ಲಿಯೇ ಗುರುತು ಮಾಡಿರಲಿ.