ಗ್ರಾಹಕ ಸೇವೆಯ ನೌಕರಿ ಸಂಕೋಚ ಕಳೆಯಬಲ್ಲುದೇ?

ಬೆಂಗಳೂರು: ಅಪರಿಚಿತರ ಮುಂದೆ ಬಾಯಿ ಬಿಡಲು ಹಿಂಜರಿಯುವ ಯುವಜನರಿಗೆ ಹಿರಿಯರಿಂದ ಸಾಮಾನ್ಯವಾಗಿ ದೊರೆಯುವ ಸಲಹೆ ಒಂದಿದೆ: ‘ಅಂಗಡಿಯಲ್ಲೋ ಕಾಲ್ ಸೆಂಟರ್‌ನಲ್ಲೋ ಆರು ತಿಂಗಳು ದುಡಿ, ಎಲ್ಲ ಸರಿಹೋಗುತ್ತದೆ’. ಪದವಿ ಮುಗಿಸಿ ಜಿಲ್ಲೆಗಳಿಂದ ರಾಜಧಾನಿಗೆ ಬರುವ ಅನೇಕರ ಮೊದಲ ನೌಕರಿಯೂ ಗ್ರಾಹಕ ಸೇವೆಯದೇ. ಈ ಸಲಹೆಯಲ್ಲಿ ಸತ್ಯಾಂಶವಿದೆ. ಆದರೆ ಅದಕ್ಕೆ ಮಿತಿಯೂ ಇದೆ.

ಸಂಕೋಚ ಅಪರೂಪದ ದೋಷವೇನಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ 1970ರ ದಶಕದಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸುಮಾರು ಶೇ 40ರಷ್ಟು ಮಂದಿ ತಾವು ಸಂಕೋಚ ಸ್ವಭಾವದವರೆಂದು ಹೇಳಿಕೊಂಡಿದ್ದರು.

ಅಭ್ಯಾಸದ ಫಲ: ಅಂಜಿಕೆ ಹುಟ್ಟಿಸುವ ಸನ್ನಿವೇಶದಿಂದ ತಪ್ಪಿಸಿಕೊಂಡಷ್ಟೂ ಅಂಜಿಕೆ ಬಲಿಯುತ್ತದೆ, ಮತ್ತೆ ಮತ್ತೆ ಎದುರಿಸಿದರೆ ಕುಗ್ಗುತ್ತದೆ ಎಂಬುದು ವರ್ತನಾ ಚಿಕಿತ್ಸೆಯ ಮೂಲತತ್ತ್ವ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲಿಸ್ ತಮ್ಮ 19ನೇ ವಯಸ್ಸಿನಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ಸಸ್ಯೋದ್ಯಾನಕ್ಕೆ ಒಂದು ತಿಂಗಳು ಹೋಗಿ ನೂರು ಮಂದಿ ಅಪರಿಚಿತ ಮಹಿಳೆಯರನ್ನು ಮಾತನಾಡಿಸಿದ್ದನ್ನು ನೆನೆಯುತ್ತಿದ್ದರು. ಮರುಭೇಟಿಗೆ ಒಪ್ಪಿದ್ದು ಒಬ್ಬರೇ, ಆಕೆಯೂ ಬರಲಿಲ್ಲ. ಆದರೆ ಯಾವ ಅನಾಹುತವೂ ಆಗಲಿಲ್ಲವೆಂಬ ಅರಿವೇ ಅವರ ಭಯವನ್ನು ಕಳೆಯಿತು. ಕೌಂಟರಿನಲ್ಲಿ ನಿಂತವರಿಗೆ ಇಂಥ ಅಭ್ಯಾಸ ಸಂಬಳದೊಂದಿಗೇ ದೊರೆಯುತ್ತದೆ.

ಪಾತ್ರದ ಆಸರೆ: ಸಂಕೋಚವುಳ್ಳವರಿಗೆ ಮಾತು ಆರಂಭಿಸುವುದು, ಮುಗಿಸುವುದು ಎರಡೂ ಕಷ್ಟ. ಗ್ರಾಹಕ ಸೇವೆಯಲ್ಲಿ ಇವೆರಡೂ ಮೊದಲೇ ನಿಗದಿಯಾಗಿರುತ್ತವೆ. ‘ನಮಸ್ಕಾರ, ಏನು ಬೇಕಾಗಿತ್ತು?’ ಎಂಬಲ್ಲಿಂದ ರಸೀದಿ ಕೊಡುವವರೆಗೆ ಹಾದಿ ಸಿದ್ಧವಿದೆ. ಮಿತಿಯಿರುವುದೂ ಇಲ್ಲಿಯೇ. ದಿನವಿಡೀ ಫೋನಿನಲ್ಲಿ ನಿರರ್ಗಳವಾಗಿ ಮಾತನಾಡುವವರು ಮದುವೆ ಮನೆಯಲ್ಲಿ ಮೂಲೆ ಹಿಡಿದು ಕೂರುವುದುಂಟು. ಇಂಥ ರಕ್ಷೆಗಳನ್ನೇ ನೆಚ್ಚಿಕೊಂಡರೆ, ಪಾರಾದದ್ದು ರಕ್ಷೆಯಿಂದಲೇ ಎಂದು ಮನಸ್ಸು ಭಾವಿಸುತ್ತದೆ. ಭಯ ಹಾಗೆಯೇ ಉಳಿಯುತ್ತದೆ ಎಂದು ಡೇವಿಡ್ ಕ್ಲಾರ್ಕ್ ಹಾಗೂ ಏಡ್ರಿಯನ್ ವೆಲ್ಸ್ 1995ರಲ್ಲಿ ವಿವರಿಸಿದ್ದರು.

ನಗುವಿನ ಬೆಲೆ: ಒಳಗೆ ನೋವಿದ್ದರೂ ಹೊರಗೆ ನಗಬೇಕಾದ ದುಡಿಮೆಯನ್ನು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರ ತಮ್ಮ ಕೃತಿಯಲ್ಲಿ ‘ಭಾವನಾತ್ಮಕ ಶ್ರಮ’ ಎಂದು ಕರೆದರು. ಕೆಲಸ ಕಲಿಯುವ ಮೊದಲೇ ದೂರುಗಳ ವಿಭಾಗಕ್ಕೆ ಹಾಕಿದರೆ, ಬೈಗುಳ ಕೇಳಿಕೇಳಿ ‘ಜನರೆಂದರೆ ಹೀಗೆಯೇ’ ಎಂಬ ಅಂಜಿಕೆ ಗಟ್ಟಿಯಾಗಬಹುದು. ಈಜು ಕಲಿಯುವವರನ್ನು ಮೊದಲ ದಿನವೇ ಮಡುವಿಗೆ ತಳ್ಳಬಾರದಷ್ಟೆ. ಆರಂಭ ಸುಲಭವಾಗಿರಬೇಕು, ಕಷ್ಟ ಹಂತಹಂತವಾಗಿ ಏರಬೇಕು.

ರೋಗವೋ, ಸ್ವಭಾವವೋ: ಏಕಾಂತ ಇಷ್ಟಪಡುವವರೆಲ್ಲ ಸಂಕೋಚದವರಲ್ಲ, ಸಂಕೋಚವೆಲ್ಲ ರೋಗವೂ ಅಲ್ಲ. ಆದರೆ ಭಯದಿಂದ ಓದು, ಉದ್ಯೋಗ, ಸಂಬಂಧಗಳೇ ಕುಂಠಿತವಾದರೆ ಅದು ‘ಸಾಮಾಜಿಕ ಆತಂಕ’ದ ಕಾಯಿಲೆಯಾಗಿರಬಹುದು. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿಯೇ ಇದನ್ನು ತನ್ನ ರೋಗಪಟ್ಟಿಗೆ ಸೇರಿಸಿತ್ತು. ಇದಕ್ಕೆ ನೌಕರಿ ಮದ್ದಲ್ಲ. ಅರಿವು-ವರ್ತನಾ ಚಿಕಿತ್ಸೆಯಿದೆ, ಅಗತ್ಯವಿದ್ದರೆ ಔಷಧವೂ ಇದೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಉಚಿತ ಸಹಾಯವಾಣಿ ‘ಟೆಲಿ ಮಾನಸ್’ನ ಸಂಖ್ಯೆ 14416.

ಉಳಿದವರು ನೌಕರಿಯನ್ನು ಮೆಟ್ಟಿಲಾಗಿ ಬಳಸಿಕೊಳ್ಳಬಹುದು. ಕಲಿಸಿಕೊಟ್ಟ ಮಾತಿನಾಚೆಗೆ ದಿನಕ್ಕೊಂದು ಸ್ವಂತ ಮಾತು, ಪಾಳಿ ಮುಗಿದ ಮೇಲೆ ಸಹೋದ್ಯೋಗಿಗಳೊಂದಿಗೆ ಒಂದು ಲೋಟ ಚಹಾ. ಕೌಂಟರಿನೊಳಗೆ ಕಲಿತ ಧೈರ್ಯ ಹೊರಗೂ ಜೊತೆಗೆ ಬರುವುದು ಇಂಥ ಸಣ್ಣ ಯತ್ನಗಳಿಂದಲೇ.